ಕೊನೆಗೂ ಜೈಂಟ್ ವೀಲ್ ಹತ್ತಿದೆ!

ಸೋದರಿಯರೇ, ಜಾತ್ರೆಯಲ್ಲೋ ವಸ್ತುಪ್ರದರ್ಶನದಲ್ಲೋ ಆಟದ ಯಂತ್ರಗಳ ಬೇಲಿಯ ಹೊರಗೆ ನಿಂತಿರುವ ಹೆಂಗಸರನ್ನು ಒಮ್ಮೆ ಗಮನಿಸಿ ನೋಡಿ. ಒಂದು ಹೆಗಲಿಗೆ ವ್ಯಾನಿಟಿ ಬ್ಯಾಗು, ಇನ್ನೊಂದಕ್ಕೆ ನೀರಿನ ಬಾಟಲಿಯ ಚೀಲ, ತೋಳಿನ ಮೇಲೆ ಮಕ್ಕಳ ಸ್ವೆಟರು, ಕಾಲ ಬಳಿ ಮೂರು ಜೊತೆ ಚಪ್ಪಲಿ. ಮೇಲೆ ಗಂಡ ಮಕ್ಕಳು ಕೇಕೆ ಹಾಕುತ್ತಿದ್ದರೆ ಈಕೆ ಕತ್ತೆತ್ತಿ ಒಮ್ಮೆ ಕೈ ಬೀಸುತ್ತಾಳೆ, ಮರುಕ್ಷಣ ಕಣ್ಣು ಮುಚ್ಚಿ ‘ತಾಯೀ ಚಾಮುಂಡಿ’ ಎನ್ನುತ್ತಾಳೆ. “ನೀವೂ ಹತ್ತಬಾರದೇನ್ರೀ?” ಎಂದು ಯಾರಾದರೂ ಕೇಳಿದರೆ, “ಅಯ್ಯೋ, ನನಗಾಗಲ್ಲಪ್ಪ, ತಲೆ ತಿರುಗುತ್ತೆ” ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಸಿದ್ಧವಾಗಿರುತ್ತದೆ.

ಮದುವೆಯಾದಂದಿನಿಂದ ನಾನು ಆ ಬೇಲಿಯ ಹೊರಗಿನ ಹೆಂಗಸೇ. ಈಗ ನನಗೆ ನಲವತ್ತಾರು. ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಅಡಿಗೆ, ಮಕ್ಕಳ ಓದು, ಅತ್ತೆಯವರ ಔಷಧಿ, ಬಿಡುವಾದಾಗ ಅಕ್ಕಪಕ್ಕದವರ ರವಿಕೆ ಹೊಲಿಯುವುದು, ಇಷ್ಟೇ ನನ್ನ ಪ್ರಪಂಚ. ಇಂಥವಳು ಜೈಂಟ್ ವೀಲ್, ರೋಲರ್ ಕೋಸ್ಟರ್ ಎಂದು ಬರೆಯಹೊರಟರೆ ನಿಮಗೆ ನಗು ಬಂದೀತು. ಬರಲಿ ಬಿಡಿ. ನನಗೂ ಬರುತ್ತದೆ.

ನನ್ನ ಭಯಕ್ಕೊಂದು ಚರಿತ್ರೆಯಿದೆ. ನನಗಾಗ ಒಂಬತ್ತೋ ಹತ್ತೋ ವರ್ಷ. ನಮ್ಮ ಕಡೆಯ ಒಂದು ಜಾತ್ರೆ, ಊರಿನ ಹೆಸರು ಬೇಡ. ಸೋದರತ್ತೆಯ ಜೊತೆ ತೊಟ್ಟಿಲು ಹತ್ತಿದ್ದೆ. ನಮ್ಮದು ತುತ್ತತುದಿಗೆ ಬಂದಾಗ ಸರಿಯಾಗಿ ಕರೆಂಟು ಹೋಯಿತು. ಕೆಳಗೂ ಕತ್ತಲು, ಮೇಲೂ ಕತ್ತಲು. ಗಾಳಿಗೆ ತೊಟ್ಟಿಲು ಕಿರ್ ಕಿರ್ ಅಂತ ತೂಗಾಡುತ್ತಿತ್ತು. ಅತ್ತೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಳೆ ಒಡೆದು ಚುಚ್ಚಿಕೊಂಡಿತು. ನಾಲ್ಕು ಜನ ಗಂಡಸರು ಸೇರಿ ಚಕ್ರವನ್ನು ಕೈಯಿಂದಲೇ ತಿರುಗಿಸಿ ನಮ್ಮನ್ನು ಇಳಿಸುವ ಹೊತ್ತಿಗೆ ಅರ್ಧ ಗಂಟೆಯೇ ಆಗಿತ್ತೇನೋ. ಇಳಿದ ಮೇಲೆ ಅತ್ತೆ ನಕ್ಕರು, ನಾನು ವಾಂತಿ ಮಾಡಿಕೊಂಡೆ. ಅಷ್ಟೇ ನೋಡಿ. ಅಂದಿನಿಂದ ತೊಟ್ಟಿಲು ಮಾತ್ರವಲ್ಲ, ಮಹಡಿಯ ಅಂಚು, ಗಾಜಿನ ಲಿಫ್ಟು, ಇಳಿಜಾರಿನಲ್ಲಿ ಓಡುವ ಬಸ್ಸು, ಎಲ್ಲಕ್ಕೂ ನನ್ನ ಕೈಕಾಲು ತಣ್ಣಗಾಗುತ್ತಿತ್ತು.

ನಮ್ಮ ಯಜಮಾನರದು ಇದಕ್ಕೆ ತದ್ವಿರುದ್ಧ ಸ್ವಭಾವ. ದಸರಾ ಬಂತೆಂದರೆ ಮೈಸೂರಿನ ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನಕ್ಕೆ ಮಕ್ಕಳಿಗಿಂತ ಮೊದಲು ಅವರೇ ಹೊರಡುತ್ತಿದ್ದರು. ತೊಟ್ಟಿಲಿನಲ್ಲಿ ಒಂದು ಬದಿಗೆ ಅವರು ಮತ್ತು ಮಗ, ಎದುರಿಗೆ ಮಗಳು. ಮೇಲೆ ಹೋದ ಕೂಡಲೇ ಅವರು ಬಿಳಿ ಕರ್ಚೀಫು ಬೀಸುವರು, ಕೆಳಗಿನಿಂದ ನಾನು ಸೆರಗು ಬೀಸುವೆ. “ಅಮ್ಮ ಸಿಕ್ಕಿದ್ಲು, ಅಮ್ಮ ಸಿಕ್ಕಿದ್ಲು” ಎಂದು ಮಗ ಕೂಗುವುದು ನನಗೆ ಕೇಳಿಸದಿದ್ದರೂ ಬಾಯಿ ಆಡುವುದು ಕಾಣುತ್ತಿತ್ತು. 2021ರ ಮೇ ತಿಂಗಳಲ್ಲಿ ಅವರು ಹೋಗಿಬಿಟ್ಟರು. ಆ ವರ್ಷ ಎಷ್ಟು ಮನೆಗಳಲ್ಲಿ ಹೀಗಾಯಿತೆಂಬುದು ನಿಮಗೂ ಗೊತ್ತು. ಅದನ್ನಿಲ್ಲಿ ಬೆಳೆಸುವುದಿಲ್ಲ.

2022ರ ದಸರೆಗೆ ಮಕ್ಕಳನ್ನು ಕರೆದುಕೊಂಡು ನಾನೇ ಹೋದೆ. ಮಗನಿಗಾಗ ಹನ್ನೊಂದು. “ಅಕ್ಕನ ಜೊತೆ ಹತ್ತೋ ಪುಟ್ಟ” ಎಂದೆ. “ಬೇಡಮ್ಮ, ನಂಗೀಗ ಅದೆಲ್ಲ ಇಷ್ಟ ಇಲ್ಲ” ಎಂದ. ಕಣ್ಣು ಮಾತ್ರ ಚಕ್ರದ ಮೇಲೇ. ಡೆಲ್ಲಿ ಹಪ್ಪಳ ಕೊಡಿಸಿದೆ, ಚುರುಮುರಿ ಕೊಡಿಸಿದೆ, ಮೂವರೂ ಬೇಗ ಮನೆಗೆ ಬಂದೆವು. ಮಾರನೆಯ ಬೆಳಗ್ಗೆ ನಾನು ಚಪಾತಿ ಲಟ್ಟಿಸುತ್ತಿದ್ದಾಗ ಮಗಳು ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ಅವನು ರಾತ್ರಿ ಏನಂದ ಗೊತ್ತಾ? ‘ಮೇಲೆ ಹೋದಾಗ ಕೆಳಗೆ ಅಮ್ಮ ಕಾಣಿಸ್ದೇ ಹೋದ್ರೆ ಏನ್ ಮಾಡೋದು ಅಕ್ಕ’ ಅಂದ.”

ಲಟ್ಟಣಿಗೆ ಹಾಗೇ ನಿಂತಿತು. ಕೆಳಗೆ ನಿಂತು ಎಷ್ಟು ಜೋರಾಗಿ ಸೆರಗು ಬೀಸಿದರೂ ಇದಕ್ಕೆ ಪರಿಹಾರವಿಲ್ಲ. ನಾನು ಅವನ ಪಕ್ಕದಲ್ಲೇ ಕೂರಬೇಕು, ಬೇರೆ ದಾರಿಯಿಲ್ಲ. ಆದರೆ ಕೂರಬೇಕು ಎಂದುಕೊಂಡ ಮಾತ್ರಕ್ಕೆ ಕಾಲು ಕೇಳಬೇಕಲ್ಲ!

ಮಗಳು ಬಿ.ಎ.ಯಲ್ಲಿ ಮನಃಶಾಸ್ತ್ರ ತೆಗೆದುಕೊಂಡಿದ್ದಳು. “ಅಮ್ಮ, ಒಂದೇ ಸಲಕ್ಕೆ ಹೋಗಿ ಹತ್ಬೇಡ” ಎಂದು ತನ್ನ ಪುಸ್ತಕದ ಒಂದು ಕಥೆ ಹೇಳಿದಳು. ಅಮೆರಿಕದಲ್ಲಿ ಮೇರಿ ಕವರ್ ಜೋನ್ಸ್ ಎಂಬಾಕೆ ಇದ್ದಳಂತೆ. ಆಕೆಯ ಬಳಿ ಪೀಟರ್ ಎಂಬ, ಮೂರು ವರ್ಷವೂ ತುಂಬದ ಮಗು ಬಂತು. ಅದಕ್ಕೆ ಮೊಲ ಕಂಡರೆ ವಿಪರೀತ ಭಯ. ಮಗು ತನಗಿಷ್ಟವಾದ ತಿಂಡಿ ತಿನ್ನುತ್ತಿರುವಾಗ ಆಕೆ ಮೊಲವನ್ನು ಪಂಜರದಲ್ಲಿಟ್ಟು ದೂರದಲ್ಲಿ ತೋರಿಸಿದಳು. ಮಗು ಅಳದಿದ್ದರೆ ಇನ್ನೊಂದು ದಿನ ಇನ್ನಷ್ಟು ಹತ್ತಿರ, ಮತ್ತೊಂದು ದಿನ ಇನ್ನೂ ಹತ್ತಿರ. ಕೊನೆಗೆ ಮಗು ಮೊಲದ ಮೈಸವರಿತು. 1924ರಲ್ಲಿ ಆಕೆ ಇದನ್ನು ಬರೆದು ಪ್ರಕಟಿಸಿದಳು. ಇಂದಿಗೂ ಭಯಕ್ಕೆ ಚಿಕಿತ್ಸೆ ಮಾಡುವವರು ಬಹುಮಟ್ಟಿಗೆ ಈ ಮೆಟ್ಟಿಲುಗಳ ದಾರಿಯನ್ನೇ ಹಿಡಿಯುತ್ತಾರಂತೆ. ನಾವು ಮಕ್ಕಳಿಗೆ ಎಣ್ಣೆಸ್ನಾನ ಮಾಡಿಸುವಾಗ ಮೊದಲು ಅಂಗಾಲಿಗೆ ಬಿಸಿನೀರು ತಾಗಿಸಿ, ಆಮೇಲೆ ಮಂಡಿ, ಆಮೇಲೆ ಬೆನ್ನು ಎಂದು ಹೋಗುವುದಿಲ್ಲವೇ? ಅದೇ ಇದು ಎನಿಸಿತು ನನಗೆ.

ನನ್ನ ಮೊದಲ ಮೊಲ ನಮ್ಮ ಬಡಾವಣೆಯ ಪಾರ್ಕಿನ ಉಯ್ಯಾಲೆ. ಬೆಳಗ್ಗೆ ಆರಕ್ಕೇ ಹೋಗುತ್ತಿದ್ದೆ, ಯಾರೂ ಇರುವುದಿಲ್ಲವೆಂದು. ಇರುತ್ತಿದ್ದರು! ವಾಕಿಂಗ್ ಬರುವ ಗಂಡಸರು ನಲವತ್ತು ದಾಟಿದ ಹೆಂಗಸು ಉಯ್ಯಾಲೆಯಾಡುವುದನ್ನು ಕತ್ತು ತಿರುಗಿಸಿ ನೋಡುವರು. ನೋಡಲಿ ಎಂದು ಆಡಿದೆ. ದಿನಕ್ಕೆ ಹತ್ತು ಜೀಕು, ವಾರ ಕಳೆದ ಮೇಲೆ ಇಪ್ಪತ್ತು. ಉಯ್ಯಾಲೆ ಹಿಂದಕ್ಕೆ ಬೀಳುವಾಗ ಹೊಟ್ಟೆಯೊಳಗೆ ‘ಝಲ್’ ಎನ್ನುತ್ತದಲ್ಲ, ಅದು ನನ್ನ ನಿಜವಾದ ಶತ್ರು. ಆ ಝಲ್ ಬಂದೊಡನೆ ಪ್ರಾಣ ಹೋಯಿತು ಎಂದೇ ನನ್ನ ಮನಸ್ಸು ಓದಿಕೊಳ್ಳುತ್ತಿತ್ತು. ನಮ್ಮಣ್ಣ ಅದನ್ನು ಬಿಡಿಸಿ ಹೇಳಿದ. ಅವನದು ಸೈಕಲ್ ಅಂಗಡಿ, ಯಂತ್ರದ ವಿಚಾರವೆಂದರೆ ಅವನಿಗೆ ಊಟ ಬೇಡ. “ನೀನು ಕೂತಾಗ ಸೀಟು ನಿನ್ನನ್ನ ಕೆಳಗಿಂದ ಒತ್ತಿ ಹಿಡಿದಿರುತ್ತೆ. ಕೆಳಗೆ ಬೀಳೋ ಹೊತ್ತಿಗೆ ಆ ಒತ್ತೋದು ಕಡಿಮೆ ಆಗುತ್ತೆ. ಹೊಟ್ಟೆ ಒಳಗಿನ ಸಾಮಾನೂ ಒಂದು ಚಣ ಹಗುರ ಆಗುತ್ತೆ. ಅದೇ ಝಲ್ ಅನ್ನೋದು. ಬಸ್ಸು ಹಂಪ್ ಹಾರಿದಾಗ ಆಗಲ್ವಾ, ಅದೇ ಕಣೇ. ಅದರಿಂದ ಯಾರೂ ಸಾಯಲ್ಲ” ಎಂದ. ಹೆಸರು ಗೊತ್ತಾದ ಮೇಲೆ ದೆವ್ವ ಅರ್ಧ ಸಣ್ಣಗಾಗುತ್ತದೆ ನೋಡಿ. ಮಾರನೆಯ ದಿನದಿಂದ ಝಲ್ ಎಂದಾಗಲೆಲ್ಲ ‘ಸಾಮಾನು ಹಗುರ ಆಯ್ತು’ ಎಂದುಕೊಳ್ಳುತ್ತಿದ್ದೆ.

ಎರಡನೆಯದು ಒಂದು ಜವಳಿ ಅಂಗಡಿಯ ಗಾಜಿನ ಲಿಫ್ಟು. ಏನೂ ಕೊಳ್ಳದೆ ನಾಲ್ಕು ಸಲ ಮೇಲೆ ಕೆಳಗೆ ಓಡಾಡಿದರೆ ಅಂಗಡಿಯವರು ಏನಂದುಕೊಂಡಾರು ಎಂದು ಒಂದು ಡಜನ್ ಕರ್ಚೀಫು ಕೊಂಡೆ. ಅಲ್ಲಿ ಕಲಿತ ಪಾಠವೇ ಆಮೇಲೆ ಎಲ್ಲ ಕಡೆ ಕೆಲಸಕ್ಕೆ ಬಂತು. ಕಾಲ ಕೆಳಗೆ ನೋಡಬಾರದು, ದೂರದಲ್ಲಿ ಕದಲದೆ ನಿಂತಿರುವ ಒಂದನ್ನು ನೋಡಬೇಕು. ಗೋಪುರವೋ, ಮರವೋ, ಯಾವುದಾದರೂ ಸರಿ. ಕಣ್ಣು ಮುಚ್ಚಿಕೊಂಡರೆ ಒಳ್ಳೆಯದೆಂದು ನಾವೆಲ್ಲ ಅಂದುಕೊಂಡಿರುತ್ತೇವೆ. ನನ್ನ ಅನುಭವ ಬೇರೆ. ಸಮತೋಲ ಕಾಯುವ ಅಂಗವಿರುವುದು ಕಿವಿಯೊಳಗೆ. ಅದು ‘ಅಲ್ಲಾಡುತ್ತಿದ್ದೇವೆ’ ಎನ್ನುತ್ತದೆ, ಮುಚ್ಚಿದ ಕಣ್ಣು ಸುಮ್ಮನಿರುತ್ತದೆ. ಇಬ್ಬರ ಸಾಕ್ಷಿ ಹೊಂದದಿದ್ದಾಗ ತಲೆಗೆ ಗಾಬರಿ.

ವಸ್ತುಪ್ರದರ್ಶನ ದಸರೆಯ ಹತ್ತು ದಿನಕ್ಕೇ ಮುಗಿಯುವುದಿಲ್ಲ, ತಿಂಗಳುಗಟ್ಟಲೆ ಇರುತ್ತದೆ. ನನಗೆ ಅದು ವರವಾಯಿತು. ಜನವಿಲ್ಲದ ವಾರದ ದಿನಗಳಲ್ಲಿ ಮಗಳ ಜೊತೆ ಹೋಗುತ್ತಿದ್ದೆ. ಮೊದಲು ಕಪ್ಪು ಸಾಸರು. ಆಮೇಲೆ ಹಡಗಿನ ಹಾಗಿರುವ ಕೊಲಂಬಸ್. ಇದರಲ್ಲೊಂದು ಗುಟ್ಟಿದೆ, ಬರೆದಿಟ್ಟುಕೊಳ್ಳಿ: ಹಡಗಿನ ಎರಡು ತುದಿಯ ಸೀಟುಗಳೇ ಅತ್ಯಂತ ಎತ್ತರಕ್ಕೆ ಹೋಗುವುದು, ನಡುವಿನವು ಅಷ್ಟು ಎತ್ತರಕ್ಕೆ ಏರುವುದಿಲ್ಲ. ಹುಡುಗರು ನಾ ಮುಂದು ತಾ ಮುಂದು ಎಂದು ತುದಿಗೆ ಓಡುತ್ತಾರೆ, ನಡುವಿನ ಸೀಟು ನಮ್ಮಂಥವರಿಗೆ ಖಾಲಿ! ಪ್ರತಿಸಲ ಇಳಿದ ಮೇಲೂ ಒಂದು ಡೆಲ್ಲಿ ಹಪ್ಪಳ. ಪೀಟರನಿಗೆ ತಿಂಡಿ ಕೊಟ್ಟ ಹಾಗೆ. ಆ ವರ್ಷ ನಾನು ತಿಂದ ಹಪ್ಪಳ ಲೆಕ್ಕವಿಟ್ಟಿಲ್ಲ.

ಉಸಿರಿನ ಸಂಗತಿ ಕಲಿತದ್ದೂ ಕೊಲಂಬಸ್ಸಿನಲ್ಲೇ. ಹೆದರಿದಾಗ ನಾವು ಉಸಿರು ಕಟ್ಟಿಕೊಂಡು, ಹಲ್ಲು ಕಚ್ಚಿ ಕೂರುತ್ತೇವೆ. ಅದರಿಂದ ಎದೆ ಡವಡವ ಇನ್ನೂ ಜೋರಾಗುತ್ತದೆ. ಮಗಳು “ಕಿರುಚಮ್ಮ!” ಎಂದಳು. ಕಿರುಚಿದರೆ ಉಸಿರು ತಾನಾಗಿ ಹೊರಗೆ ಬರುತ್ತದೆ. ಕಿರುಚಿದೆ. ಸೋದರಿಯರೇ, ಮದುವೆಯಾದ ಮೇಲೆ, ಹೆರಿಗೆಯ ಕೋಣೆ ಬಿಟ್ಟರೆ, ಬಾಯ್ತುಂಬ ಕಿರುಚಿದ್ದು ನನಗೆ ನೆನಪಿಲ್ಲ. ಯಜಮಾನರು ಹೋದ ದಿನವೂ ಮಕ್ಕಳು ಹೆದರಿಯಾರೆಂದು ಸೆರಗು ಬಾಯಿಗಿಟ್ಟುಕೊಂಡಿದ್ದವಳು ನಾನು. ಅಂದು ಆ ಹಡಗಿನಲ್ಲಿ ಎಂಥ ಕೂಗು ಬಂತೆಂದರೆ ಎದುರು ಸಾಲಿನಲ್ಲಿದ್ದ ಹುಡುಗಿ ತನ್ನ ಹೆದರಿಕೆ ಮರೆತು ನನ್ನನ್ನೇ ನೋಡುತ್ತಿದ್ದಳು. ಇಳಿದ ಮೇಲೆ ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ. ಮಗಳು ಏನೂ ಕೇಳಲಿಲ್ಲ, ಹಪ್ಪಳ ತಂದುಕೊಟ್ಟಳು.

ಮಾತು ಬೀದಿಗೆ ಬರದೆ ಇದ್ದೀತೇ? “ಗಂಡ ಹೋಗಿ ಎರಡು ವರ್ಷ ತುಂಬಿಲ್ಲ, ಎಕ್ಸಿಬಿಷನ್‌ನಲ್ಲಿ ಕೂತು ಕೇಕೆ ಹಾಕ್ತಾಳಂತೆ” ಎಂದು ಯಾರೋ ಅಂದರು. ಅದು ಅತ್ತೆಯವರ ಕಿವಿಗೂ ಬಿತ್ತು. ಅವರು ಎಪ್ಪತ್ತೆರಡರ ಹಳೆಯ ಕಾಲದವರು. ನಾನು ಎದೆ ಬಿಗಿಹಿಡಿದು ಕಾದೆ. ರಾತ್ರಿ ಮಾತ್ರೆ ಕೊಡಲು ಹೋದಾಗ, “ಅವನಿದ್ದಿದ್ರೆ ಅವನೇ ಮಗನ ಪಕ್ಕ ಕೂತ್ಕೋತಿದ್ದ. ಅವನ ಕೆಲಸ ಈಗ ನಿನ್ನ ಪಾಲಿಗೆ ಬಂದಿದೆ. ಅವರಿಗೇನು ಗೊತ್ತು, ಹೋಗಿ ಬಾರಮ್ಮ” ಎಂದರು. ಅದಕ್ಕಿಂತ ಹೆಚ್ಚಿಗೆ ಮಾತಾಡಲಿಲ್ಲ. ಬೀದಿಯವರಿಗೆ ನಾನೂ ಉತ್ತರ ಕೊಡಲು ಹೋಗಲಿಲ್ಲ.

ಜೈಂಟ್ ವೀಲಿನ ಬಗ್ಗೆ ಒಂದು ಮಾತು. ಇದರ ಮೂಲಪುರುಷ ಅಮೆರಿಕದ ಎಂಜಿನಿಯರು ಫೆರಿಸ್. 1893ರಲ್ಲಿ ಷಿಕಾಗೋ ನಗರದ ದೊಡ್ಡ ವಸ್ತುಪ್ರದರ್ಶನಕ್ಕಾಗಿ ಆತ ಕಟ್ಟಿದ ಚಕ್ರದ ಎತ್ತರ 264 ಅಡಿ. ಅದರಲ್ಲಿ 36 ಡಬ್ಬಿಗಳು, ಒಂದೊಂದರಲ್ಲಿ 60 ಜನ. ಒಂದು ಊರನ್ನೇ ಕೂರಿಸಿ ತಿರುಗಿಸಿದ ಹಾಗೆ! ಅದನ್ನು ಮೊತ್ತಮೊದಲು ಹತ್ತಿದವರ ಗುಂಪಿನಲ್ಲಿ ಫೆರಿಸನ ಹೆಂಡತಿ ಮಾರ್ಗರೆಟ್ ಇದ್ದಳಂತೆ. ಯಾರೂ ಹತ್ತಿ ನೋಡದ ಚಕ್ರಕ್ಕೆ ಹತ್ತಿದ ಆ ಮಹಾತಾಯಿಯನ್ನು ನಾನು ಬಹಳ ಸಲ ನೆನೆದಿದ್ದೇನೆ.

2023ರ ದಸರೆ ಬಂತು. ಸಂಜೆ ಏಳೂವರೆ. “ಪುಟ್ಟ, ನಾನೂ ಬರ್ತೀನಿ ನಡಿ” ಎಂದೆ. ಅವನು ನಂಬಲಿಲ್ಲ. ಟಿಕೆಟ್ಟು ತೆಗೆದುಕೊಂಡ ಮೇಲೂ ನಂಬಲಿಲ್ಲ. ಸಾಲಿನಲ್ಲಿ ನಿಂತಾಗ ನನ್ನ ಅಂಗೈ ಬೆವರುತ್ತಿತ್ತು, ಬಾಯಿ ಒಣಗಿತ್ತು. ಒಂದು ನಿಜ ಹೇಳುತ್ತೇನೆ, ಚಕ್ರದಲ್ಲಿ ಕೂತ ಹೊತ್ತಿಗಿಂತ ಸಾಲಿನಲ್ಲಿ ನಿಂತ ಹೊತ್ತೇ ಕಷ್ಟ. ಹತ್ತಿದ ಮೇಲೆ ಎಲ್ಲ ಕೆಲವೇ ನಿಮಿಷದ ಮಾತು. ಸಾಲಿನಲ್ಲಿ ಮಾತ್ರ ಮನಸ್ಸು ನೂರು ಸಲ ಬಿದ್ದು ಏಳುತ್ತಿರುತ್ತದೆ. ಅಲ್ಲಿ ನಾನು ಮಗನಿಂದ ಹದಿನೇಳರ ಮಗ್ಗಿ ಹೇಳಿಸಿದೆ, ಅವನು ತಪ್ಪಿದ ಕಡೆ ನಾನು ತಿದ್ದಿದೆ.

ತೊಟ್ಟಿಲು ಮೇಲೇರಿತು. ಒಬ್ಬೊಬ್ಬರನ್ನೇ ಹತ್ತಿಸುವಾಗ ಚಕ್ರ ನಿಂತು ನಿಂತು ಹೋಗುತ್ತದಷ್ಟೆ, ನಮ್ಮದು ತುದಿಯಲ್ಲಿ ನಿಂತಿತು. ಗಾಳಿಗೆ ಅಲ್ಲಾಡಿತು. ಮೂವತ್ತೈದು ವರ್ಷದ ಹಿಂದಿನ ಆ ಕತ್ತಲೆ ಒಮ್ಮೆ ಬಂದು ಎದೆಗೆ ಕೂತಿತು. ದೂರ ನೋಡು, ದೂರ ನೋಡು ಎಂದುಕೊಂಡು ಕಣ್ಣೆತ್ತಿದರೆ ಅರಮನೆ! ಸುಮಾರು ಒಂದು ಲಕ್ಷ ದೀಪಗಳ ಆ ಅರಮನೆಯನ್ನು ನಾನು ಎಷ್ಟು ಸಲ ನೋಡಿಲ್ಲ? ಆದರೆ ಮೇಲಿನಿಂದ ನೋಡಿರಲಿಲ್ಲ. ಆ ಕಡೆ ಚಾಮುಂಡಿ ಬೆಟ್ಟದ ದೀಪಗಳು. ಅವರು ಪ್ರತಿವರ್ಷ ಇಳಿದು ಬಂದು, “ಮೇಲಿಂದ ನೋಡ್ಬೇಕು ಕಣೇ, ನೀನು” ಎಂದು ಏಕೆ ಹೇಳುತ್ತಿದ್ದರೆಂದು ಆಗ ತಿಳಿಯಿತು. ಮಗ ನನ್ನ ಕೈ ಹಿಡಿದಿದ್ದ. ಕೆಳಗೆ ಬಗ್ಗಿ ನೋಡಿ, “ಅಮ್ಮ, ಅಕ್ಕ ಸಿಕ್ಕಿದ್ಲು!” ಎಂದು ಕೂಗಿದ. ಈ ಸಲ ಬೇಲಿಯ ಹೊರಗೆ ಚೀಲ ಹಿಡಿದು ನಿಂತವಳು ಮಗಳು. ನಾನು ಕರ್ಚೀಫು ಬೀಸಿದೆ. ಆ ಲಿಫ್ಟಿನ ಅಂಗಡಿಯ ಡಜನ್ನಿನಲ್ಲಿ ಒಂದು.

ರೋಲರ್ ಕೋಸ್ಟರಿನ ಕಥೆ ಅದರ ಮುಂದಿನ ಬೇಸಿಗೆಯದು. ಬೆಂಗಳೂರು ಮೈಸೂರು ರಸ್ತೆಯಲ್ಲಿ ಬಿಡದಿಯ ಹತ್ತಿರ 2005ರಲ್ಲಿ ಶುರುವಾದ ವಂಡರ್‌ಲಾಕ್ಕೆ ಅಣ್ಣನ ಮನೆಯವರೂ ನಾವೂ ಸೇರಿ ಹೋದೆವು. ಹೋಗುವ ಮೊದಲೇ ಅಣ್ಣ ಪಾಠ ಮಾಡಿದ್ದ. ರೋಲರ್ ಕೋಸ್ಟರ್ ಹಳಿ ತಪ್ಪಿ ಹಾರಿಬಿಡುತ್ತದೆ ಎಂಬುದಲ್ಲವೇ ನಮ್ಮೆಲ್ಲರ ಹೆದರಿಕೆ? ಅದರ ಗಾಲಿಗಳು ರೈಲಿನ ಗಾಲಿಯಂತೆ ಹಳಿಯ ಮೇಲೆ ಸುಮ್ಮನೆ ಕೂತಿರುವುದಿಲ್ಲ. ಮೇಲೊಂದು, ಪಕ್ಕದಲ್ಲೊಂದು, ಅಡಿಯಲ್ಲೊಂದು, ಹೀಗೆ ಮೂರು ಕಡೆಯಿಂದ ಹಳಿಯನ್ನು ಇಕ್ಕಳದ ಹಾಗೆ ಹಿಡಿದಿರುತ್ತವೆ. ಅಡಿಯ ಗಾಲಿಗೆ ಜಾನ್ ಮಿಲ್ಲರ್ ಎಂಬಾತ 1919ರಲ್ಲೇ ಪೇಟೆಂಟ್ ಪಡೆದಿದ್ದಾನಂತೆ. ಏರು ಹತ್ತುವಾಗ ಟಕ್ ಟಕ್ ಟಕ್ ಎಂದು ಎದೆಗೆ ಹೊಡೆಯುವ ಶಬ್ದ ಬರುವುದುಂಟಲ್ಲ, ಅದು ಗಾಡಿ ಹಿಂದಕ್ಕೆ ಜಾರದಂತೆ ಹಲ್ಲಿಗೆ ಹಲ್ಲು ಸಿಕ್ಕಿಸುವ ಏರ್ಪಾಡು. “ಸೈಕಲ್ ಫ್ರೀವೀಲ್ ಟಕಟಕ ಅನ್ನಲ್ವಾ, ಅದರ ದೊಡ್ಡಣ್ಣ. ಆ ಸದ್ದು ಕೇಳಿದ್ರೆ ಧೈರ್ಯ ಬರ್ಬೇಕು” ಎಂದ. ತಲೆಕೆಳಗಾದರೆ ಬೀಳುವುದಿಲ್ಲವೇ ಎಂದೆ. ಚೊಂಬಿಗೆ ಹಗ್ಗ ಕಟ್ಟಿ, ನೀರು ತುಂಬಿ, ಅಂಗಳದಲ್ಲಿ ಗರಗರನೆ ತಿರುಗಿಸಿ ತೋರಿಸಿದ. ಒಂದು ಹನಿ ಚೆಲ್ಲಲಿಲ್ಲ. ಅತ್ತಿಗೆ ಮಾತ್ರ ನಿಲ್ಲಿಸುವಾಗ ಚೆಲ್ಲಿದ ನೀರಿಗೆ ಗೊಣಗಿಕೊಂಡರು.

ಒಂದು ತಮಾಷೆ ಕೇಳಿ. ಅಮೆರಿಕದ ಕೋನಿ ಐಲೆಂಡಿನಲ್ಲಿ 1884ರಲ್ಲಿ ಥಾಂಪ್ಸನ್ ಎಂಬಾತ ಓಡಿಸಿದ ಇಂಥ ಗಾಡಿಯ ವೇಗ ಗಂಟೆಗೆ ಸುಮಾರು 6 ಮೈಲಿ. ನಮ್ಮಣ್ಣನ ಸೈಕಲ್ಲು ಅದಕ್ಕಿಂತ ಜೋರಾಗಿ ಹೋಗುತ್ತದೆ. ಅದಕ್ಕೇ ಜನ ಐದು ಸೆಂಟು ಕೊಟ್ಟು ಸಾಲುಗಟ್ಟಿ ನಿಲ್ಲುತ್ತಿದ್ದರಂತೆ!

ಅಲ್ಲಿ ರಿಕಾಯಿಲ್ ಎಂಬ ಗಾಡಿ ಹತ್ತಿದೆವು, ನಾನೂ ಮಗನೂ. ತಲೆಕೆಳಗೆ ಮಾಡಿಕೊಂಡು ಹೋಗುತ್ತದೆ, ಅಷ್ಟು ಸಾಲದೆಂದು ಅದೇ ದಾರಿಯಲ್ಲಿ ಹಿಂದುಹಿಂದಾಗಿ ವಾಪಸು ಬರುತ್ತದೆ. ಹೆಗಲ ಮೇಲಿನ ಕಂಬಿ ಬಿಗಿಯಾಗಿದೆಯೇ ಎಂದು ನೌಕರರು ಎಳೆದು ನೋಡಿದ ಮೇಲೆ ನಾನೂ ಒಮ್ಮೆ ಎಳೆದು ನೋಡಿದೆ. ಎರಡು ನಿಮಿಷವೂ ಆಗಿರಲಾರದು. ಏನು ಕಂಡೆ ಎಂದು ಕೇಳಬೇಡಿ. ಆಕಾಶ ಕಂಡೆ, ಬಹುಶಃ ನೆಲವೂ ಕಂಡಿತು. ಇಳಿದಾಗ ಕಾಲು ನಡುಗುತ್ತಿತ್ತು, ಮಗ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಎರಡು ವರ್ಷಗಳಿಂದ ಅವನು ಹಾಗೆ ನಕ್ಕಿರಲಿಲ್ಲ. ಎತ್ತರದ ಗೋಪುರದಿಂದ ಒಮ್ಮೆಗೇ ಕೆಳಕ್ಕೆ ಬಿಡುವ ಆಟವನ್ನು ನಾನು ಹತ್ತಿಲ್ಲ, ಹತ್ತುವುದೂ ಇಲ್ಲ. ಎಲ್ಲ ಮೊಲವನ್ನೂ ಮುದ್ದಾಡಲೇಬೇಕೆಂದು ಯಾರೂ ಹೇಳಿಲ್ಲವಲ್ಲ.

ನೀವು ಹೊರಡುವಿರಾದರೆ ನಾಲ್ಕು ಮಾತು. ಭಯವೇ ಬೇರೆ, ಜಾಗ್ರತೆಯೇ ಬೇರೆ. ಬಸುರಿಯರು, ಹೃದಯದ ತೊಂದರೆ ಇರುವವರು, ರಕ್ತದೊತ್ತಡ ಹತೋಟಿಗೆ ಬಾರದವರು, ಕುತ್ತಿಗೆ ಬೆನ್ನು ನೋವಿನವರು, ಮೂರ್ಛೆ ಬರುವವರು ಇಂಥ ಜೋರಾದ ಆಟಗಳನ್ನು ಹತ್ತಲೇಕೂಡದು. ನಮ್ಮ ವಯಸ್ಸಿನಲ್ಲಿ ತಲೆಸುತ್ತು, ರಕ್ತಹೀನತೆ ಸಾಮಾನ್ಯ. ಆದ್ದರಿಂದ ಮೊದಲು ಡಾಕ್ಟರರನ್ನು ಕೇಳಿ. ನಾನು ಕೇಳಿದ್ದೆ, ಬಿ.ಪಿ. ನೋಡಿಸಿಕೊಂಡೇ ಹೋಗಿದ್ದು. ಸೆರಗು, ದುಪಟ್ಟಾ, ಉದ್ದ ಜಡೆ, ಈ ಮೂರು ಯಂತ್ರದ ಬಳಿ ಅಪಾಯ. ಪುಟ್ಟ ಕಾರು ಓಡಿಸುವ ಆಟದಲ್ಲಂತೂ ಕೂದಲೋ ದುಪಟ್ಟಾವೋ ಚಕ್ರಕ್ಕೆ ಸಿಕ್ಕಿ ಹೆಣ್ಣುಮಕ್ಕಳ ಪ್ರಾಣವೇ ಹೋದದ್ದುಂಟು. ಕೂದಲನ್ನು ತುರುಬು ಕಟ್ಟಿ, ಚೂಡಿದಾರ್ ತೊಟ್ಟು, ದುಪಟ್ಟಾ ಮನೆಯಲ್ಲೇ ಬಿಡಿ. ಹೊಟ್ಟೆ ಖಾಲಿಯೂ ಬೇಡ, ಬಿರಿಯುವಷ್ಟೂ ಬೇಡ. ಎರಡು ಇಡ್ಲಿ ಸರಿ. ಚಿತ್ರಾನ್ನದ ಡಬ್ಬಿ ಆಟ ಮುಗಿದ ಮೇಲೆ ಬಿಚ್ಚಿ. ಸಣ್ಣ ಜಾತ್ರೆಗಳಲ್ಲಿ ಹತ್ತುವ ಮೊದಲು ಒಂದು ಸುತ್ತು ನಿಂತು ನೋಡಿ. ಕಂಬಿಯ ಚಿಲಕದ ಜಾಗದಲ್ಲಿ ತಂತಿ ಬಿಗಿದಿದ್ದರೆ, ಚಕ್ರ ತಿರುಗಿಸುವವನು ಚಿಲಕ ನೋಡದೆ ಗುಂಡಿ ಒತ್ತುತ್ತಿದ್ದರೆ, ಟಿಕೆಟ್ಟಿನ ದುಡ್ಡು ಹೋದರೆ ಹೋಗಲಿ, ವಾಪಸು ಬನ್ನಿ. ಅಲ್ಲಿ ಹೆದರಿದರೆ ಅದು ಬುದ್ಧಿ.

ಮಗನಿಗೀಗ ಹದಿನಾಲ್ಕು, ಮೀಸೆ ಚಿಗುರುತ್ತಿದೆ. ಬರುವ ರಜೆಯಲ್ಲಿ ಬಿಡದಿಗೆ ಸ್ಕೂಲಿನ ಸ್ನೇಹಿತರ ಜೊತೆ ಹೋಗುತ್ತಾನಂತೆ. “ನಾನೂ ಬರ್ಲೇನೋ?” ಎಂದೆ. “ಬೇಡಮ್ಮ, ನೀನು ತುಂಬಾ ಜೋರಾಗಿ ಕಿರುಚ್ತೀಯ” ಎಂದ. ಸರಿ ಹೋಗಪ್ಪ ಎಂದಿದ್ದೇನೆ. ಹಿಂದಿನ ಬೀದಿಯ ನನ್ನ ಗೆಳತಿಯೊಬ್ಬರು, ಐವತ್ತೆರಡು ಅವರಿಗೆ, ಒಂದು ತಿಂಗಳಿಂದ ಬೆಳಗ್ಗೆ ಆರಕ್ಕೆ ನನ್ನ ಜೊತೆ ಪಾರ್ಕಿನ ಉಯ್ಯಾಲೆಗೆ ಬರುತ್ತಿದ್ದಾರೆ. ಹದಿನೈದು ಜೀಕಿನವರೆಗೆ ಬಂದಿದ್ದಾರೆ. ಈ ಸಲದ ದಸರೆಗೆ ಕೊಲಂಬಸ್ಸಿನ ನಡುವಿನ ಸೀಟು ನಮ್ಮಿಬ್ಬರದು.